ವರ್ಷ ದಾಟಿ ನಿಲ್ಲುವ ಮಹಿಳಾ ಸೇವಾ ಸಂಘ: ಕಟ್ಟುವ ಕ್ರಮ, ಎಡವುವ ಜಾಗಗಳು

"ಸಂಘ ಶುರು ಮಾಡಿದೆವು, ಆರೇ ತಿಂಗಳಿಗೆ ನಿಂತುಹೋಯಿತು. ಎಲ್ಲಿ ತಪ್ಪಿದೆವು?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರೆಲ್ಲ ಒಳ್ಳೆಯ ಮನಸ್ಸಿನವರು, ಮೈಮುರಿದು ದುಡಿಯುವವರು. ಆದರೆ ನಡೆದದ್ದನ್ನು ಬಿಡಿಸಿ ಕೇಳಿದರೆ ಹೆಚ್ಚುಕಡಿಮೆ ಒಂದೇ ಕಥೆ. ಮೊದಲು ಸಂಘಕ್ಕೆ ಹೆಸರಿಟ್ಟರು, ಆಮೇಲೆ ಪದಾಧಿಕಾರಿಗಳನ್ನು ಆರಿಸಿದರು, ಉದ್ಘಾಟನೆ ಮಾಡಿದರು, ಫೋಟೋ ತೆಗೆಸಿಕೊಂಡರು. ಅದೆಲ್ಲ ಮುಗಿದ ಮೇಲೆ "ಈಗ ಏನು ಸೇವೆ ಮಾಡೋಣ?" ಎಂದು ಕೂತರು. ಅಷ್ಟರಲ್ಲಿ ಉತ್ಸಾಹ ಇಳಿದಿತ್ತು, ಹುದ್ದೆಯ ಮುನಿಸು ಹುಟ್ಟಿತ್ತು.

ಇಲ್ಲಿ ಆ ಕ್ರಮವನ್ನು ತಿರುಗಿಸಿ ಕೊಟ್ಟಿದ್ದೇನೆ. ಕೆಲಸ ಮೊದಲು, ಹೆಸರು ಆಮೇಲೆ. ಉದಾಹರಣೆಗೆಂದು ಒಂದೇ ಸೇವೆಯನ್ನು ಉದ್ದಕ್ಕೂ ಹಿಡಿದುಕೊಂಡಿದ್ದೇನೆ: ಒಂಟಿಯಾಗಿರುವ ವೃದ್ಧರ ಮನೆಗೆ ವಾರಕ್ಕೊಮ್ಮೆ ಹೋಗಿ ಬರುವುದು. ನಿಮ್ಮದು ಮಕ್ಕಳ ಪಾಠವಿರಲಿ, ರೋಗಿಗಳ ಜೊತೆ ಆಸ್ಪತ್ರೆಗೆ ಹೋಗುವುದಿರಲಿ, ಪುಸ್ತಕ ಹಂಚುವುದಿರಲಿ, ಹಂತಗಳು ಇವೇ.

ಕೈಯಲ್ಲಿ ಇರಬೇಕಾದ ಸಾಮಾನು

ಗಟ್ಟಿ ರಟ್ಟಿನ ಮೂರು ನೋಟ್‌ಬುಕ್: ಪಾಳಿಗೊಂದು, ಜಮಾಖರ್ಚಿಗೊಂದು, ಸಭೆಯ ನಡಾವಳಿಗೊಂದು. ಕ್ರಮಸಂಖ್ಯೆ ಅಚ್ಚಾಗಿರುವ ರಶೀದಿ ಪುಸ್ತಕ. ಸೇವೆ ಪಡೆಯುವವರು ಯಾವಾಗ ಬೇಕಾದರೂ ಕರೆ ಮಾಡಬಹುದಾದ ಒಂದು ಫೋನ್ ನಂಬರ್. ಇಷ್ಟು ಸಾಕು. ಬ್ಯಾನರ್, ಲೆಟರ್‌ಹೆಡ್, ಸಮವಸ್ತ್ರ ಈಗ ಬೇಡ.

ವಾಟ್ಸ್‌ಆ್ಯಪ್ ಗುಂಪೊಂದನ್ನೇ ನಂಬಬೇಡಿ. ಅಲ್ಲಿ ಹಾಕಿದ ಪಾಳಿಪಟ್ಟಿ ಶುಭೋದಯದ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ನೋಡಿದ್ದಕ್ಕೂ ಒಪ್ಪಿದ್ದಕ್ಕೂ ಇರುವ ವ್ಯತ್ಯಾಸ ನೀಲಿ ಗೆರೆಯಲ್ಲಿ ತಿಳಿಯುವುದಿಲ್ಲ. ಗುಂಪು ನೆನಪಿಸಲಿಕ್ಕೆ ಇರಲಿ, ದಾಖಲೆ ಪುಸ್ತಕದಲ್ಲಿ ಇರಲಿ.

ಹಂತ 1: ಇಪ್ಪತ್ತು ಮನೆಗೆ ಹೋಗಿ ಕೇಳಿಸಿಕೊಳ್ಳಿ

ಮೂರು ನಾಲ್ಕು ಜನ ಸೇರಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಇದು. ಇಬ್ಬಿಬ್ಬರಾಗಿ ಹೋಗಿ. ಒಬ್ಬರು ಮಾತಾಡಲಿ, ಇನ್ನೊಬ್ಬರು ಹೊರಗೆ ಬಂದ ಮೇಲೆ ಬರೆದುಕೊಳ್ಳಲಿ. ಎದುರಿಗೇ ಪೆನ್ನು ಹಿಡಿದರೆ ಜನ ಮಾತು ನುಂಗುತ್ತಾರೆ.

"ನಿಮಗೆ ಏನು ಸಹಾಯ ಬೇಕು?" ಎಂದು ಕೇಳಬೇಡಿ. ಸ್ವಾಭಿಮಾನಿಗಳು "ಏನೂ ಬೇಡಮ್ಮ" ಅನ್ನುತ್ತಾರೆ. ಉಳಿದವರು ನೀವು ಏನು ಕೊಡಬಲ್ಲಿರಿ ಎಂದು ಊಹಿಸಿ ಅದನ್ನೇ ಕೇಳುತ್ತಾರೆ. ಬದಲಿಗೆ ಹೀಗೆ ಕೇಳಿ: ಹೋದ ವಾರ ಯಾವ ಕೆಲಸ ಅರ್ಧಕ್ಕೆ ನಿಂತಿತು? ರಾತ್ರಿ ಹುಷಾರು ತಪ್ಪಿದರೆ ಯಾರಿಗೆ ಫೋನ್ ಮಾಡುತ್ತೀರಿ? ಮನೆಯಿಂದ ಹೊರಗೆ ಹೋಗಿ ಎಷ್ಟು ದಿನವಾಯಿತು? ಉತ್ತರವನ್ನು ಅವರ ಮಾತಲ್ಲೇ ಬರೆಯಿರಿ. "ಕನ್ನಡಕ ಸರಿಯಿಲ್ಲ, ಕಾಗದ ಬಂದರೆ ಹಾಗೇ ಇಟ್ಟಿರ್ತೀನಿ" ಎಂಬ ಒಂದು ಸಾಲಿನಲ್ಲಿ ಇರುವಷ್ಟು ಸುದ್ದಿ "ವೃದ್ಧರ ಸಮಸ್ಯೆ" ಎಂಬ ತಲೆಬರಹದಲ್ಲಿ ಇರುವುದಿಲ್ಲ.

ಔಷಧಿ ಅಂಗಡಿಯವರು, ಅಂಚೆಯವರು, ಶಾಲೆಯ ಶಿಕ್ಷಕಿಯರನ್ನೂ ಮಾತಾಡಿಸಿ. ಯಾರ ಮನೆಗೆ ಯಾರೂ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ.

ಎಚ್ಚರಿಕೆಯ ಗುರುತು: ಇಪ್ಪತ್ತು ಮನೆಯಲ್ಲೂ ಒಂದೇ ಉತ್ತರ ಬಂದಿದ್ದರೆ ಉತ್ತರವನ್ನು ನೀವೇ ಅವರ ಬಾಯಿಗೆ ಇಟ್ಟಿದ್ದೀರಿ. ಬೇರೆ ಇಬ್ಬರನ್ನು ಕಳಿಸಿ ಮತ್ತೆ ಕೇಳಿಸಿ.

ಹಂತ 2: ಒಂದೇ ಸೇವೆ ಆರಿಸಿ

ಪಟ್ಟಿಯಲ್ಲಿ ಹತ್ತು ಅಗತ್ಯ ಇರುತ್ತವೆ. ಒಂದನ್ನು ಹಿಡಿಯಿರಿ. ಆರಿಸುವಾಗ ನಾಲ್ಕು ವಿಷಯ ನೋಡಿ. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಮಾಡಬಹುದೇ? ಎರಡು ಗಂಟೆ ಬಿಡುವಿರುವ ಸಾಮಾನ್ಯ ಹೆಣ್ಣುಮಗಳ ಕೈಲಿ ಆಗುತ್ತದೆಯೇ? ಇಬ್ಬರು ಬರದಿದ್ದರೂ ನಡೆಯುತ್ತದೆಯೇ? ಇದನ್ನೇ ಬೇರೆ ಯಾರಾದರೂ ಆಗಲೇ ಮಾಡುತ್ತಿದ್ದಾರೆಯೇ?

ಮಾಡುತ್ತಿದ್ದರೆ ಅವರ ಜೊತೆ ಸೇರಿ. ಒಂದೇ ಬೀದಿಯಲ್ಲಿ ಎರಡು ಸಂಘ ಒಂದೇ ಕೆಲಸಕ್ಕೆ ಪೈಪೋಟಿ ನಡೆಸಿದರೆ ಇಬ್ಬರ ಶ್ರಮವೂ ಹಾಳು.

ಮಾತ್ರೆ ಲೆಕ್ಕ ಹಾಕಿ ಕುಡಿಸುವುದು, ಗಾಯಕ್ಕೆ ಕಟ್ಟು ಕಟ್ಟುವುದು, ಮನೆಜಗಳ ತೀರ್ಮಾನಿಸುವುದು ಸ್ವಯಂಸೇವೆಯ ಕೆಲಸಗಳಲ್ಲ. ತರಬೇತಿ ಪಡೆದವರ ಬಳಿಗೆ ಕರೆದುಕೊಂಡು ಹೋಗುವುದಷ್ಟೇ ನಿಮ್ಮ ಕೆಲಸ. ಈ ಗೆರೆಯನ್ನು ಮೊದಲ ದಿನವೇ ಎಳೆಯಿರಿ. ಆಮೇಲೆ ಎಳೆಯುವುದು ಬಹಳ ಕಷ್ಟ.

ಹಂತ 3: ಜನ ಸೇರಿಸುವಾಗ ಹೊತ್ತಿನ ಲೆಕ್ಕ ಹಾಕಿ

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿಯ ಪ್ರಕಾರ ಜಗತ್ತಿನಲ್ಲಿ ದಿನಕ್ಕೆ 1,640 ಕೋಟಿ ಗಂಟೆಯಷ್ಟು ಆರೈಕೆಯ ಕೆಲಸ ಸಂಬಳವಿಲ್ಲದೆ ನಡೆಯುತ್ತದೆ. ಅದರಲ್ಲಿ ಶೇ. 76.2ರಷ್ಟು ಹೆಂಗಸರ ಪಾಲು. ನಿಮ್ಮ ಸಂಘಕ್ಕೆ ಬರುವವಳು ಮನೆಯಲ್ಲಿ ಆಗಲೇ ಪುಕ್ಕಟೆ ದುಡಿದು ಬಂದಿರುತ್ತಾಳೆ. ಅವಳಿಂದ "ನಿನ್ನ ಕೈಲಾದಷ್ಟು ಮಾಡು" ಎಂದು ಕೇಳುವುದು ಅನ್ಯಾಯ, ಏಕೆಂದರೆ ಕೈಲಾದಷ್ಟಕ್ಕೆ ಕೊನೆ ಎಂಬುದಿಲ್ಲ. "ಹದಿನೈದು ದಿನಕ್ಕೊಮ್ಮೆ, ಗುರುವಾರ, ಸಂಜೆ ನಾಲ್ಕರಿಂದ ಆರು" ಎಂದು ಕೇಳಿ. ಆಗ ಅವಳು ಹೂಂ ಅಥವಾ ಊಹೂಂ ಎಂದು ನಿಜ ಹೇಳಬಲ್ಲಳು.

ಒಂದು ಲೆಕ್ಕ ನೋಡಿ. ಆರು ಮನೆಗೆ ವಾರಕ್ಕೊಮ್ಮೆ ಹೋಗಬೇಕು. ಇಬ್ಬರ ಜೋಡಿ ಒಂದು ಸಂಜೆಗೆ ಎರಡು ಮನೆ ಮುಗಿಸುತ್ತದೆ. ಅಂದರೆ ವಾರಕ್ಕೆ ಮೂರು ಜೋಡಿ, ಆರು ಜನ. ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಪಾಳಿ ಬರಬೇಕೆಂದರೆ ಹನ್ನೆರಡು ಜನ ಬೇಕು. ಬದಲಿಗೆ ನಿಲ್ಲಲು ಮೂವರು. ಒಟ್ಟು ಹದಿನೈದು. ನಿಮ್ಮ ಹತ್ತಿರ ಹತ್ತೇ ಜನ ಇದ್ದರೆ ನಾಲ್ಕು ಮನೆಯಿಂದ ಶುರು ಮಾಡಿ. ಮನೆ ಹೆಚ್ಚಿಸುವುದು ಸುಲಭ, ಒಪ್ಪಿಕೊಂಡ ಮನೆ ಬಿಡುವುದು ನೋವಿನ ಕೆಲಸ.

ಹೊಸಬರನ್ನು ನೇರವಾಗಿ ಪಾಳಿಗೆ ಹಾಕಬೇಡಿ. ಮೂರು ಸಲ ಅನುಭವಸ್ಥರ ಜೊತೆ ಹೋಗಿ ಬರಲಿ. 1901ರಲ್ಲಿ ನ್ಯೂಯಾರ್ಕಿನಲ್ಲಿ ಮೇರಿ ಹ್ಯಾರಿಮನ್ ಶುರು ಮಾಡಿದ ಜೂನಿಯರ್ ಲೀಗ್ ಎಂಬ ಮಹಿಳಾ ಸ್ವಯಂಸೇವಾ ಸಂಸ್ಥೆ ಇಂದಿಗೂ ಹೊಸ ಸದಸ್ಯೆಯರಿಗೆ ಮೊದಲು ತರಬೇತಿ ಕೊಡುತ್ತದೆ. ಅಷ್ಟು ದೊಡ್ಡ ಏರ್ಪಾಡು ನಿಮಗೆ ಬೇಡ, ಮೂರು ಭೇಟಿ ಸಾಕು. ಯಾರಿಗೆ ಈ ಕೆಲಸ ಒಗ್ಗುವುದಿಲ್ಲವೋ ಅವರಿಗೇ ಅಷ್ಟರಲ್ಲಿ ಗೊತ್ತಾಗುತ್ತದೆ. ಅಂಥವರು ಲೆಕ್ಕಕ್ಕೋ ಫೋನಿಗೋ ಬಹಳ ಒಳ್ಳೆಯ ಜನ ಆಗಿರಬಹುದು.

ಹಂತ 4: ಪಾಳಿ ಪುಸ್ತಕ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುವಷ್ಟು ಹೊತ್ತಿದ್ದರೆ ಇದನ್ನು ಓದಿ.

ಪುಟಕ್ಕೆ ಐದು ಅಂಕಣ ಗೆರೆ ಎಳೆಯಿರಿ: ದಿನ, ಮನೆ, ಹೋಗುವ ಇಬ್ಬರು, ಬದಲಿ, ಹೋಗಿ ಬಂದವರ ಸಹಿ. ಪಟ್ಟಿ ಒಂದು ತಿಂಗಳು ಮುಂಚೆಯೇ ಸಿದ್ಧವಾಗಿರಲಿ. ಪರೀಕ್ಷೆ, ಹಬ್ಬ, ಮದುವೆಯ ದಿನಗಳನ್ನು ಮೊದಲೇ ಗುರುತಿಸಿ, ಏಕೆಂದರೆ ಪಾಳಿ ತಪ್ಪುವುದು ಅಂಥ ದಿನಗಳಲ್ಲೇ.

ನಾವು ಇದನ್ನು ಕಲಿತದ್ದು ಒಂದು ಗುರುವಾರದಿಂದ. ಪಾಳಿಯಲ್ಲಿದ್ದ ಇಬ್ಬರಲ್ಲಿ ಒಬ್ಬರಿಗೆ ಜ್ವರ, ಇನ್ನೊಬ್ಬರ ಮನೆಗೆ ನೆಂಟರು. ಇಬ್ಬರೂ "ಅವಳು ಹೋಗಿರ್ತಾಳೆ" ಅಂದುಕೊಂಡರು. ಆ ಮನೆಯ ಅಜ್ಜಿ ನಾಲ್ಕು ಗಂಟೆಗೇ ಕುರ್ಚಿಯನ್ನು ಬಾಗಿಲ ಬಳಿ ಎಳೆದುಕೊಂಡು ಕೂತಿದ್ದರಂತೆ. ಮಗನ ಕಾಗದ ಬಂದಿತ್ತು, ಓದಿಸಿಕೊಳ್ಳಬೇಕೆಂದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ದೀಪ ಹಚ್ಚುವ ಹೊತ್ತಾದ ಮೇಲೂ ಬಾಗಿಲು ತೆರೆದೇ ಇತ್ತು ಎಂದು ಪಕ್ಕದ ಮನೆಯವರು ಹೇಳಿದರು. ಮರುದಿನ ನಾನು ಹೋದಾಗ ಕುರ್ಚಿ ಗೋಡೆ ಪಕ್ಕ ತನ್ನ ಜಾಗಕ್ಕೆ ಹೋಗಿತ್ತು. "ನಿನ್ನೆ ಬರ್ತೀರಿ ಅಂದ್ಕೊಂಡಿದ್ದೆ ಕಣಮ್ಮ" ಎಂದಷ್ಟೇ ಅಂದರು. ಬೈಯಲಿಲ್ಲ. ಆದರೆ ಕಾಗದ ತೋರಿಸಲಿಲ್ಲ. ಮತ್ತೆ ಅವರು ನಮ್ಮ ಕೈಗೆ ಕಾಗದ ಕೊಟ್ಟದ್ದು ಮೂರು ವಾರ ಕಳೆದ ಮೇಲೆ.

ಯಾರೂ ಬರುವುದಿಲ್ಲ ಎಂದು ಗೊತ್ತಿರುವವರು ಹೇಗೋ ಹೊಂದಿಕೊಂಡಿರುತ್ತಾರೆ. ಬರುತ್ತೇವೆಂದು ಹೇಳಿ ಹೋಗದಿದ್ದರೆ ನಾವು ಅವರನ್ನು ಮೊದಲಿಗಿಂತ ಒಂಟಿ ಮಾಡುತ್ತೇವೆ. ಸಂಘದ ಬೆಲೆ ಇರುವುದು ಗುರುವಾರ ನಾಲ್ಕಕ್ಕೆ ಬಾಗಿಲು ಬಡಿಯುವ ಸದ್ದಿನಲ್ಲಿ ಎಂದು ನಾನು ನಂಬುತ್ತೇನೆ.

ಅದಾದ ಮೇಲೆ ನಾವು ಮಾಡಿಕೊಂಡ ನಿಯಮಗಳು ಇವು. ಬರಲಾಗದವರು ಹಿಂದಿನ ರಾತ್ರಿ ಎಂಟರೊಳಗೆ ಪಾಳಿ ನೋಡಿಕೊಳ್ಳುವವರಿಗೆ ಕರೆ ಮಾಡಬೇಕು. ಸಂದೇಶ ಸಾಲದು, ಕರೆಯೇ ಆಗಬೇಕು. ಬದಲಿ ಹುಡುಕುವ ಹೊಣೆ ಅವರದಲ್ಲ, ಪಾಳಿ ನೋಡಿಕೊಳ್ಳುವವರದು. ಅನೇಕ ಸಂಘಗಳು "ಬದಲಿಗೆ ನೀನೇ ಯಾರನ್ನಾದರೂ ಹುಡುಕು" ಎನ್ನುತ್ತವೆ. ಹಾಗೆಂದರೆ ಹುಡುಕುವ ಮುಜುಗರಕ್ಕೆ ಅವಳು ಬರಲಾಗುವುದಿಲ್ಲ ಎಂಬುದನ್ನೇ ಮುಚ್ಚಿಡುತ್ತಾಳೆ. ಹೋಗಿ ಬಂದವರು ಅಂದೇ ಕರೆ ಮಾಡಿ ತಿಳಿಸಬೇಕು, ವಾರದ ಕೊನೆಗೆ ಸಹಿ ಹಾಕಬೇಕು. ಸಂಜೆ ಏಳಕ್ಕೆ ಕರೆ ಬರದಿದ್ದರೆ ಪಾಳಿ ನೋಡಿಕೊಳ್ಳುವವರು ಆ ಮನೆಗೇ ಫೋನ್ ಮಾಡಿ ವಿಚಾರಿಸಬೇಕು. ಅಕಸ್ಮಾತ್ ಯಾರೂ ಹೋಗಲಾಗದ ದಿನ ಬಂದರೆ ಮನೆಯವರಿಗೆ ಮುಂಚೆಯೇ ಹೇಳಬೇಕು.

ಪಾಳಿ ನೋಡಿಕೊಳ್ಳುವ ಕೆಲಸ ತಲೆಬಿಸಿಯದು. ಮೂರು ತಿಂಗಳಿಗಿಂತ ಹೆಚ್ಚು ಒಬ್ಬರ ಮೇಲೆ ಹೊರಿಸಬೇಡಿ.

ಎಚ್ಚರಿಕೆಯ ಗುರುತು: ಸಹಿಯ ಅಂಕಣದಲ್ಲಿ ಅದೇ ನಾಲ್ಕು ಹೆಸರು ಮತ್ತೆ ಮತ್ತೆ ಕಾಣುತ್ತಿದ್ದರೆ ಸಂಘ ಸೊರಗುತ್ತಿದೆ. ಆ ನಾಲ್ವರೂ ದೂರು ಹೇಳುವುದಿಲ್ಲ, ಒಂದು ದಿನ ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ.

ಹಂತ 5: ಸುರಕ್ಷತೆಯ ಗೆರೆಗಳು

ಯಾರ ಮನೆಗೂ ಒಬ್ಬರೇ ಹೋಗಬಾರದು. ಇದು ಒಳಗಿರುವವರಿಗೂ ರಕ್ಷಣೆ, ಹೋಗುವವರಿಗೂ ರಕ್ಷಣೆ. ಮಕ್ಕಳ ಜೊತೆ ಕೆಲಸವಾದರೆ ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರು, ಒಂದು ಮಗು ಮಾತ್ರ ಎಂದೂ ಇರಬಾರದು. ಎಷ್ಟೇ ಪರಿಚಯದವರಿದ್ದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಸೇವೆ ಪಡೆಯುವವರ ಬ್ಯಾಂಕ್ ಕಾರ್ಡ್, ಪಿನ್, ಒಡವೆ ಮುಟ್ಟಬೇಡಿ. ಉಯಿಲು, ಸಾಲಪತ್ರಗಳಿಗೆ ಸಾಕ್ಷಿ ಹಾಕಬೇಡಿ. ಮನೆಯ ಬೀಗದ ಕೈ ಕೊಟ್ಟರೆ ಯಾರ ಹತ್ತಿರ, ಯಾವ ದಿನದಿಂದ ಇದೆ ಎಂದು ಪಾಳಿ ಪುಸ್ತಕದ ಹಿಂದೆ ಬರೆದು ಅವರಿಂದಲೂ ಸಹಿ ಹಾಕಿಸಿ.

ಗುಟ್ಟು ಕಾಯುವುದರಲ್ಲಿ ನಮ್ಮ ಸಂಘಗಳು ಹೆಚ್ಚಾಗಿ ಸೋಲುತ್ತವೆ. ಒಂದು ಮನೆಯಲ್ಲಿ ಕಂಡದ್ದನ್ನು ಇನ್ನೊಂದು ಮನೆಯಲ್ಲಿ ಆಡಬಾರದು, ಗುಂಪಿನಲ್ಲಿ ಹೆಸರು ಹಾಕಬಾರದು. ಕೊಡುವ ಕೈ, ತೆಗೆದುಕೊಳ್ಳುವ ಕೈ ಎರಡೂ ಕಾಣುವಂಥ ಫೋಟೋ ದಯವಿಟ್ಟು ತೆಗೆಯಬೇಡಿ. ಒಮ್ಮೆ ಹಾಗೆ ಫೋಟೋದಲ್ಲಿ ಸಿಕ್ಕಿಕೊಂಡವರು ಮುಂದಿನ ಸಲ ಹಸಿದಿದ್ದರೂ ಬಾಗಿಲು ತೆರೆಯುವುದಿಲ್ಲ.

ಮೈಮೇಲೆ ಏಟಿನ ಗುರುತು ಕಂಡರೆ, ಭಯ ಕಂಡರೆ, ವಿಚಾರಣೆ ಮಾಡಲು ಹೋಗಬೇಡಿ. ಹೇಳಿದಷ್ಟನ್ನು ಕೇಳಿಸಿಕೊಳ್ಳಿ, "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ. ಸಂಘದಲ್ಲಿ ಇದಕ್ಕೆಂದೇ ಗೊತ್ತುಮಾಡಿದ ಒಬ್ಬರಿಗೆ ಅಂದೇ ತಿಳಿಸಿ. ಅವರು ಸಂಬಂಧಪಟ್ಟ ಸಹಾಯವಾಣಿಗೆ ತಿಳಿಸಲಿ. ಆ ನಂಬರುಗಳನ್ನು ಪಾಳಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಊಟ ಹಂಚುವ ಸಂಘವಾದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆ ಪಾಲಿಸಿ: ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇ ಇರಬೇಕು, ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗಿರಬೇಕು, ಬೆಂದ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು.

ಹಂತ 6: ಹಣ

ಹಣ ಕಡಿಮೆ ಇದ್ದಾಗಲೇ ಲೆಕ್ಕದ ಶಿಸ್ತು ಬರಬೇಕು. ಬಂದ ಪ್ರತಿ ಮೊತ್ತಕ್ಕೂ ರಶೀದಿ, ಹೋದ ಪ್ರತಿ ಮೊತ್ತಕ್ಕೂ ಬಿಲ್ಲು ಅಥವಾ ಓಚರ್. ನಗದನ್ನು ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕಲಿ. ಬ್ಯಾಂಕ್ ಖಾತೆ ತೆರೆದರೆ ಎರಡು ಸಹಿ ಇಲ್ಲದೆ ಹಣ ಹೊರಗೆ ಹೋಗಬಾರದು, ಆ ಇಬ್ಬರು ಒಂದೇ ಮನೆಯವರಾಗಿರಬಾರದು. ಪ್ರತಿ ತಿಂಗಳ ಜಮಾಖರ್ಚನ್ನು ಸಭೆಯಲ್ಲಿ ಜೋರಾಗಿ ಓದಿ. ಖಜಾಂಚಿಯ ಮೇಲೆ ಅನುಮಾನ ಇದೆ ಎಂದಲ್ಲ. ನಾಳೆ ಯಾರಾದರೂ ಬೆರಳು ತೋರಿಸಿದರೆ ಅವರ ಪರವಾಗಿ ಮಾತಾಡುವುದು ಆ ಪುಸ್ತಕ ಒಂದೇ.

ಬಸ್ಸಿನ ದುಡ್ಡು, ಫೋನಿನ ಖರ್ಚನ್ನು ಸಂಘ ಕೊಡಲೇಬೇಕು. ಇದನ್ನು ಬಹಳ ಜನ ಸಣ್ಣ ವಿಷಯವೆಂದು ಬಿಡುತ್ತಾರೆ. ಖರ್ಚು ಕೈಯಿಂದ ಹಾಕಬೇಕು ಎಂದಾದರೆ ಅನುಕೂಲಸ್ಥರು ಮಾತ್ರ ಉಳಿಯುತ್ತಾರೆ. ಕಷ್ಟ ಏನೆಂದು ಅನುಭವದಿಂದ ಬಲ್ಲವರು ಮೊದಲು ಬಿಟ್ಟುಹೋಗುತ್ತಾರೆ. "ಯಾರಿಗೆ ಬೇಕೋ ಕೇಳಿ" ಎಂದು ಬಿಡಬೇಡಿ, ಕೇಳಲು ನಾಚಿಕೆ. ಎಲ್ಲರಿಗೂ ಲಕೋಟೆಯಲ್ಲಿ ಕೊಡಿ, ಬೇಡದವರು ದೇಣಿಗೆಯಾಗಿ ಹಿಂದಿರುಗಿಸಿ ರಶೀದಿ ತೆಗೆದುಕೊಳ್ಳಲಿ.

ಹಂತ 7: ತಿಂಗಳ ಸಭೆ

ಒಂದು ಗಂಟೆ ಸಾಕು. ಹೋದ ಸಭೆಯ ಬಾಕಿ ಮೊದಲು, ಪಾಳಿ ಎರಡನೆಯದು, ಲೆಕ್ಕ ಮೂರನೆಯದು, ಹೊಸ ವಿಷಯ ಕೊನೆಗೆ. ಪ್ರತಿ ತೀರ್ಮಾನದ ಮುಂದೆ ಒಬ್ಬರ ಹೆಸರು, ಒಂದು ತಾರೀಖು ಬರೆಯಿರಿ. "ಎಲ್ಲರೂ ಸೇರಿ ನೋಡಿಕೊಳ್ಳೋಣ" ಎಂದು ನಡಾವಳಿಯಲ್ಲಿ ಬಂದರೆ ಆ ಕೆಲಸ ಆಗಲಿಲ್ಲ ಎಂದೇ ತಿಳಿಯಿರಿ. ಸಣ್ಣ ಮಕ್ಕಳಿರುವವರು ಬರಬೇಕೆಂದರೆ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ಪಾಳಿಯಲ್ಲೇ ಹಾಕಿ. ಚರ್ಚೆಯಲ್ಲಿ ಸರದಿಯಂತೆ ಒಬ್ಬೊಬ್ಬರ ಅಭಿಪ್ರಾಯ ಕೇಳಿ, ಕಿರಿಯರಿಂದ ಶುರು ಮಾಡಿ. ಹಿರಿಯರು ಮೊದಲು ಹೇಳಿಬಿಟ್ಟರೆ ಉಳಿದವರು "ಅವರು ಹೇಳಿದ ಹಾಗೇ" ಎಂದು ಕೂರುತ್ತಾರೆ.

ಎಚ್ಚರಿಕೆಯ ಗುರುತು: ಸಭೆಯಲ್ಲಿ ಮೌನ, ಸಭೆ ಮುಗಿದ ಮೇಲೆ ಗೇಟಿನ ಹತ್ತಿರ ಅರ್ಧ ಗಂಟೆ ಮಾತು. ನಿಜವಾದ ಸಭೆ ಗೇಟಿನಲ್ಲಿ ನಡೆಯುತ್ತಿದೆ. ಮುಂದಿನ ಸಲ ಆ ವಿಷಯವನ್ನೇ ಹೆಸರಿಟ್ಟು ಮೊದಲಿಗೆ ತನ್ನಿ.

ಹಂತ 8: ಈಗ ಹೆಸರು, ಹುದ್ದೆ, ನೋಂದಣಿ

ಆರು ತಿಂಗಳು ಪಾಳಿ ತಪ್ಪದೆ ನಡೆದರೆ ನೋಂದಣಿಗೆ ಹೋಗಿ. ಅಲ್ಲಿಯವರೆಗೆ ಯಾರು ಏನು ಮಾಡಬಲ್ಲರು ಎಂದು ಎಲ್ಲರಿಗೂ ಗೊತ್ತಾಗಿರುತ್ತದೆ, ಆಯ್ಕೆಯಲ್ಲಿ ಜಗಳ ಕಡಿಮೆ. 1938ರಲ್ಲಿ ಬ್ರಿಟನ್ನಿನಲ್ಲಿ ಸ್ಟೆಲ್ಲಾ ರೀಡಿಂಗ್ ಕಟ್ಟಿದ ಮಹಿಳಾ ಸ್ವಯಂಸೇವಾ ಸಂಘಟನೆಗೆ ಎರಡನೇ ಮಹಾಯುದ್ಧದ ಕಾಲದಲ್ಲಿ ಹತ್ತು ಲಕ್ಷ ಸದಸ್ಯೆಯರಿದ್ದರು. ಅಲ್ಲಿ ಸೈನ್ಯದಂಥ ದರ್ಜೆಗಳಿರಲಿಲ್ಲ, ಮಾಡುವ ಕೆಲಸದಿಂದಲೇ ಗುರುತು. ನೀವೂ ಉಪಾಧ್ಯಕ್ಷೆ, ಸಹಕಾರ್ಯದರ್ಶಿ ಎಂದು ಪಟ್ಟಿ ಬೆಳೆಸುವ ಬದಲು ಪಾಳಿಯ ಹೊಣೆ, ಲೆಕ್ಕದ ಹೊಣೆ, ಹೊಸಬರ ಹೊಣೆ ಎಂದು ಹಂಚಿ.

ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಐದು ವಿಷಯ ಬಿಡಬೇಡಿ: ಯಾರು ಸದಸ್ಯರಾಗಬಹುದು, ಕೋರಂ (ಸಭೆ ನಡೆಯಲು ಕನಿಷ್ಠ ಇರಬೇಕಾದ ಜನ) ಎಷ್ಟು, ಹುದ್ದೆಯ ಅವಧಿ ಎಷ್ಟು, ಲೆಕ್ಕ ಯಾರು ಪರಿಶೀಲಿಸುತ್ತಾರೆ, ಸಂಘ ಮುಚ್ಚಿದರೆ ಉಳಿದ ಹಣ ಎಲ್ಲಿಗೆ ಹೋಗುತ್ತದೆ. ಕೊನೆಯದನ್ನು ಬರೆಯುವುದು ಅಪಶಕುನ ಎನ್ನುವವರು ಇರುತ್ತಾರೆ. ಬರೆಯಿರಿ.

ಹಂತ 9: ಕೈ ಬದಲಾಯಿಸುವುದು

ಮ್ಯಾಂಚೆಸ್ಟರಿನಲ್ಲಿ 1924ರಲ್ಲಿ ಮಾರ್ಗರೆಟ್ ಗೋಲ್ಡಿಂಗ್ ಆರಂಭಿಸಿದ ಇನ್ನರ್ ವೀಲ್ ಎಂಬ ಮಹಿಳಾ ಸೇವಾ ಕ್ಲಬ್ಬುಗಳಲ್ಲಿ ಪ್ರತಿ ಜುಲೈ 1ಕ್ಕೆ ಹೊಸ ವರ್ಷ ಶುರುವಾಗುತ್ತದೆ, ಅಧ್ಯಕ್ಷೆ ಬದಲಾಗುತ್ತಾರೆ. ತಾರೀಖು ಮೊದಲೇ ಗೊತ್ತಿರುವುದರಿಂದ ಇಳಿಯುವುದು ಸೋಲು ಅನ್ನಿಸುವುದಿಲ್ಲ. ನೀವೂ ಒಂದು ತಾರೀಖು ಹಾಕಿಕೊಳ್ಳಿ.

ಇಳಿಯುವವರು ಎರಡು ತಿಂಗಳು ಮುಂಚೆಯೇ ಹೊಸಬರನ್ನು ಜೊತೆಗೆ ಕೂರಿಸಿಕೊಳ್ಳಲಿ. ಪುಸ್ತಕಗಳು, ಬೀಗದ ಕೈ, ಪಾಸ್‌ವರ್ಡ್, ಯಾವ ಮನೆಯಲ್ಲಿ ಗಟ್ಟಿಯಾಗಿ ಮಾತಾಡಬೇಕು, ಯಾವ ಮನೆಯಲ್ಲಿ ಮಧ್ಯಾಹ್ನ ಬೆಲ್ ಒತ್ತಬಾರದು ಎಂಬುದೆಲ್ಲ ಬರಹದಲ್ಲಿ ದಾಟಲಿ. ಹಳೆಯ ಅಧ್ಯಕ್ಷೆಗೆ ಮರುದಿನವೂ ಪಾಳಿ ಇರಲಿ. "ಗೌರವಾಧ್ಯಕ್ಷೆ" ಎಂದು ಕುರ್ಚಿ ಹಾಕಿ ಕೂರಿಸಿದರೆ ಒಬ್ಬ ಒಳ್ಳೆಯ ಕೆಲಸಗಾರ್ತಿಯನ್ನು ಕಳೆದುಕೊಳ್ಳುತ್ತೀರಿ.

ಹಂತ 10: ಕೆಲಸದ ಬೆಲೆ ದಾಖಲಿಸಿ

ವರ್ಷಕ್ಕೊಮ್ಮೆ ಪಾಳಿ ಪುಸ್ತಕದಿಂದ ಒಟ್ಟು ಗಂಟೆ ಕೂಡಿಸಿ. ಮೇಲಿನ ಲೆಕ್ಕದ ಸಂಘ ವಾರಕ್ಕೆ ಆರು ಜನ, ಎರಡೆರಡು ಗಂಟೆಯಂತೆ 12 ಗಂಟೆ ಕೊಡುತ್ತದೆ. 50 ವಾರಕ್ಕೆ 600 ಗಂಟೆ. ಅದರ ಪಕ್ಕದಲ್ಲಿ ನೀವು ಹೋಗಿದ್ದರಿಂದಲೇ ತಿಳಿದ ಸಂಗತಿಗಳನ್ನು ಬರೆಯಿರಿ: ಬಿದ್ದು ಎದ್ದೇಳಲಾಗದೆ ಇದ್ದವರು, ನಿಂತುಹೋದ ಪಿಂಚಣಿ, ಶಾಲೆ ಬಿಡಲಿದ್ದ ಮೊಮ್ಮಗಳು. ಹೆಸರು ಬೇಡ, ಸಂಗತಿ ಸಾಕು.

ಈ ಪುಟ ಹಿಡಿದು ಕಚೇರಿಗಳಿಗೆ ಹೋಗಿ ನೆರವು ಕೇಳಬಹುದು. ಆದರೆ ಒಂದು ಎಚ್ಚರ. ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸವನ್ನು "ನಿಮ್ಮ ಸಂಘದವರೇ ಮಾಡಿಬಿಡಿ" ಎಂದು ಯಾರಾದರೂ ಹೊರಿಸಲು ಬಂದರೆ ಒಪ್ಪಬೇಡಿ. ಅದರಿಂದ ಒಬ್ಬಳ ಸಂಬಳ ಹೋಗುತ್ತದೆ, ಆ ಒಬ್ಬಳೂ ಹೆಚ್ಚಾಗಿ ಹೆಂಗಸೇ ಆಗಿರುತ್ತಾಳೆ. ಮತ ಕೇಳುವ ಕಾಲದಲ್ಲಿ ವೇದಿಕೆಗೆ ಕರೆದರೂ ಸಂಘದ ಹೆಸರಿನಲ್ಲಿ ಹೋಗಬೇಡಿ. ಮರುದಿನ ಎದುರು ಪಕ್ಷದವರ ಮನೆಯ ಅಜ್ಜಿಯ ಬಾಗಿಲು ನಿಮಗೆ ತೆರೆಯಬೇಕು.

ಹಂತ 11: ಒಂದು ಸೇವೆ ನಿಲ್ಲಿಸಬೇಕಾದಾಗ

ಜನ ಕಡಿಮೆಯಾಗಬಹುದು, ಅಗತ್ಯವೇ ತೀರಬಹುದು. ಆಗ ಪಾಳಿ ತಾನಾಗಿ ಸಡಿಲವಾಗಲು ಬಿಡಬೇಡಿ. ಎರಡು ತಿಂಗಳು ಮುಂಚೆ ತೀರ್ಮಾನಿಸಿ, ಪ್ರತಿ ಮನೆಗೂ ಪಾಳಿಯವರೇ ಹೋಗಿ ಬಾಯಿಬಿಟ್ಟು ಹೇಳಿ. ಫೋನಿನಲ್ಲಿ ಹೇಳಬೇಡಿ, ಚೀಟಿ ಕಳಿಸಬೇಡಿ. ಬೇರೆ ಯಾರು ಬರಬಲ್ಲರು ಎಂದು ಹುಡುಕಿ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಕೊಡಿ, ಎರಡು ವಾರ ಜೊತೆಯಲ್ಲೇ ಹೋಗಿ ಬನ್ನಿ. ಕೊನೆಯ ಭೇಟಿಯ ದಿನ ಬೀಗದ ಕೈಯನ್ನು ಮನೆಯವರ ಕೈಗೇ ಕೊಟ್ಟು, ಪುಸ್ತಕದಲ್ಲಿ ಅವರ ಸಹಿ ತೆಗೆದುಕೊಳ್ಳಿ. ಫೋನ್ ನಂಬರ್ ಮಾತ್ರ ಇನ್ನೂ ಆರು ತಿಂಗಳು ಚಾಲ್ತಿಯಲ್ಲಿರಲಿ.